ನಾಣ್ಯದಡಿ ಮುಚ್ಚಿಹೋಗುವ ಐದು ತೂತು

ಪಕ್ಕದ ಟೀಮಿನ ಗೆಳೆಯನೊಬ್ಬ ಒಂದು ಶನಿವಾರ ರಾತ್ರಿ ನನಗೆ ಸಾಲಾಗಿ ಆರು ವಿಡಿಯೋ ಕಳಿಸಿದ. ಕೊನೆಗೆ ಒಂದು ಮೆಸೇಜು: "ಗುರು, ಇದ್ರಲ್ಲಿ ಯಾವ .22 ತಗೊಳ್ಳಿ? ಟಾರ್ಗೆಟ್‌ಗೂ ಆಗ್ಬೇಕು, ಊರಿಗೆ ಹೋದಾಗ ಮೊಲ-ಗಿಲಕ್ಕೂ ಆಗ್ಬೇಕು. ಆಕ್ಯುರೇಟ್ ಆಗಿರ್ಬೇಕು, ಅಷ್ಟೇ."

ನಾನು ಆಗಾಗ ರೇಂಜಿಗೆ ಹೋಗ್ತೀನಿ ಅನ್ನೋದು ಆಫೀಸಿನಲ್ಲಿ ಗೊತ್ತಿರೋದರಿಂದ ಇಂಥ ಪ್ರಶ್ನೆ ನನ್ನ ಹತ್ತಿರ ಬರ್ತಾವೆ. ಸಾಮಾನ್ಯವಾಗಿ ಎರಡು ಸಾಲು ಬರೆದು ಸುಮ್ಮನಾಗ್ತೀನಿ. ಈ ಸಲ ಆರೂ ವಿಡಿಯೋ ಕೂತು ನೋಡಿದೆ. ನೋಡಿ ಮುಗಿಸುವಷ್ಟರಲ್ಲಿ ಉತ್ತರ ಕೊಡೋದಕ್ಕಿಂತ ಈ ವಿಡಿಯೋಗಳನ್ನೇ ವಿಮರ್ಶೆ ಮಾಡಬೇಕು ಅನ್ನಿಸಿತು. ಯಾಕಂದ್ರೆ ಪುಸ್ತಕಕ್ಕೆ, ಸಿನಿಮಾಕ್ಕೆ, ಹೋಟೆಲಿನ ಗಿರಮಿಟ್ಟಿಗೆ ಕೂಡ ವಿಮರ್ಶೆ ಮಾಡೋ ನಾವು, ವಿಮರ್ಶೆ ಅಂತ ಹೆಸರಿಟ್ಟುಕೊಂಡು ಬರೋದನ್ನ ಮಾತ್ರ ಕಣ್ಣುಮುಚ್ಚಿ ನಂಬಿಬಿಡ್ತೀವಿ.

ಆರು ವಿಡಿಯೋದ ಕಥೆ ಒಂದೇ. ಬೆಂಚಿನ ಮೇಲೆ ಮರಳಿನ ಚೀಲ, ಅದರ ಮೇಲೆ ರೈಫಲ್. ನಮ್ಮ ನಾಯಕ ಐವತ್ತು ಗಜ ದೂರದ ಕಾಗದಕ್ಕೆ ಐದು ಗುಂಡು ಹಾರಿಸ್ತಾನೆ. ಹೋಗಿ ಕಾಗದ ತರ್ತಾನೆ. ಜೇಬಿನಿಂದ ಒಂದು ನಾಣ್ಯ ತೆಗೆದು ತೂತುಗಳ ಮೇಲೆ ಇಡ್ತಾನೆ. ಐದೂ ಮುಚ್ಚಿಹೋದವು! ಹಿನ್ನೆಲೆಯಲ್ಲಿ ಗಿಟಾರು. ಕೊನೆಗೆ "ಈ ಬೆಲೆಗೆ ಇದಕ್ಕಿಂತ ಆಕ್ಯುರೇಟ್ ರೈಫಲ್ ಸಿಗಲ್ಲ" ಅನ್ನೋ ತೀರ್ಪು.

ನನ್ನ ತಕರಾರು ಮೊದಲು ಆ ನಾಣ್ಯದ ಮೇಲೆ.

ಅದೇ ರೈಫಲ್, ಅದೇ ತೋಟಾ, ಅದೇ ಮನುಷ್ಯ ಇಟ್ಟುಕೊಳ್ಳಿ. ಐದೈದು ಗುಂಡಿನ ಗುಂಪುಗಳ ಅಗಲ ಸರಾಸರಿ 20 ಮಿಲಿಮೀಟರ್ ಬರ್ತಿದೆ ಅಂತಾದ್ರೆ, ಮೂರೇ ಗುಂಡಿಗೆ ನಿಲ್ಲಿಸಿದರೆ ಅದು ಸುಮಾರು 16ಕ್ಕೆ ಇಳಿಯುತ್ತೆ, ಹತ್ತು ಹಾರಿಸಿದರೆ ಸುಮಾರು 25ಕ್ಕೆ ಏರುತ್ತೆ. ರೈಫಲ್ ಕೆಟ್ಟಿಲ್ಲ, ಸುಧಾರಿಸಿಯೂ ಇಲ್ಲ. ಅತಿ ದೂರದ ಎರಡು ತೂತುಗಳ ಅಂತರ ಅಳೀತಿದ್ದೀವಿ, ಹೆಚ್ಚು ಹಾರಿಸಿದಷ್ಟೂ ಯಾವುದೋ ಒಂದು ಆಚೆ ಹೋಗುತ್ತೆ, ಲೆಕ್ಕ ಅಷ್ಟೇ. ಇದರ ಮೇಲೆ ಹತ್ತು ಗುಂಪು ಹೊಡೆದು ಅದರಲ್ಲಿ ಚಂದದ ಒಂದನ್ನ ಮಾತ್ರ ಕ್ಯಾಮೆರಾಕ್ಕೆ ಹಿಡಿದರೆ? ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ, ಸರ್ವರಿನ ಅತಿ ವೇಗದ ಒಂದು ರೆಸ್ಪಾನ್ಸ್ ತೋರಿಸಿ "ನಮ್ಮ ಲೇಟೆನ್ಸಿ ಇಷ್ಟು" ಅಂದಹಾಗೆ. ರಾತ್ರಿ ಎರಡಕ್ಕೆ ಫೋನ್ ಮಾಡಿಸೋದು ಸರಾಸರಿ ಅಲ್ಲ, ನೂರರಲ್ಲಿ ಕೆಟ್ಟದಾದ ಆ ಒಂದು. ಪ್ರೊಡಕ್ಷನ್ ನೋಡಿಕೊಂಡವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಎರಡನೇ ತಕರಾರು: ಆರು ವಿಡಿಯೋದಲ್ಲಿ ಐದರಲ್ಲಿ ತೋಟಾದ ಹೆಸರೇ ಇಲ್ಲ. ಬೇರೆ ರೈಫಲ್ಲಿಗಾದರೆ ಇದನ್ನ ಕ್ಷಮಿಸಬಹುದಿತ್ತೇನೋ, ರಿಮ್‌ಫೈರಿಗೆ ಕ್ಷಮಿಸೋ ಹಾಗಿಲ್ಲ. ದೊಡ್ಡ ತೋಟಾಗಳಿಗೆ ಬುಡದ ನಡುವೆ ಬೇರೆಯೇ ಒಂದು ಪುಟ್ಟ ಪ್ರೈಮರ್ ಇರುತ್ತೆ. ರಿಮ್‌ಫೈರಿಗೆ ಅದಿಲ್ಲ. ಹಿತ್ತಾಳೆಯ ಬುಡದ ಅಂಚನ್ನೇ ಟೊಳ್ಳಾಗಿ ಮಡಚಿ ಅದರೊಳಗೆ ಸಿಡಿಮದ್ದು ತುಂಬಿರ್ತಾರೆ. ಪಿನ್ನು ಅಂಚಿಗೆ ಬಡಿದಾಗ ಅದು ಹೊತ್ತಿಕೊಳ್ಳುತ್ತೆ. ಒಂದು ಸಲ ಬಡಿಸಿಕೊಂಡ ಅಂಚನ್ನ ಮತ್ತೆ ತುಂಬೋಕಾಗಲ್ಲ. ಅಂದ್ರೆ ದೊಡ್ಡ ರೈಫಲ್ಲಿನವರು ಮನೆಯಲ್ಲಿ ಕೂತು ಮದ್ದು ತೂಗಿ ತಮ್ಮ ನಳಿಗೆಗೆ ಒಪ್ಪೋ ತೋಟಾ ಮಾಡಿಕೊಂಡಹಾಗೆ .22ನವರು ಮಾಡಿಕೊಳ್ಳೋ ಹಾಗಿಲ್ಲ. ಕಾರ್ಖಾನೆ ಕೊಟ್ಟದ್ದೇ ಗತಿ.

ಕಾರ್ಖಾನೆಯಲ್ಲೂ ಒಂದು ಲಾಟಿನ ಹಾಗೆ ಇನ್ನೊಂದು ಲಾಟ್ ಇರಲ್ಲ. ಅದಕ್ಕೇ ಇಂಗ್ಲೆಂಡಿನ ಈಲಿ, ಲಾಪುವಾ, ಜರ್ಮನಿಯ ಆರ್‌ಡಬ್ಲ್ಯೂಎಸ್ ಕಂಪನಿಗಳು ಪರೀಕ್ಷೆಯ ರೇಂಜುಗಳನ್ನೇ ಇಟ್ಟಿವೆ. ದೊಡ್ಡ ಸ್ಪರ್ಧಿಗಳು ತಮ್ಮ ರೈಫಲ್ ಒಯ್ದು ಅಲ್ಲಿ ಲಾಟ್ ಮೇಲೆ ಲಾಟ್ ಹಾರಿಸಿ ನೋಡಿ, ಒಪ್ಪಿದ್ದನ್ನ ಪೆಟ್ಟಿಗೆಗಟ್ಟಲೆ ಕೊಳ್ತಾರೆ. ಲಕ್ಷಗಟ್ಟಲೆ ಬೆಲೆಯ ಆನ್‌ಷುಟ್ಸ್ ಇದ್ದವರೇ ಇಷ್ಟು ಒದ್ದಾಡುವಾಗ ತೋಟಾದ ಹೆಸರು ಹೇಳದೆ ರೈಫಲ್ಲಿಗೆ ಅಂಕ ಕೊಡೋದಂದ್ರೆ, ಅಕ್ಕಿ ಯಾವುದು ಅಂತ ಹೇಳದೆ ಕುಕ್ಕರಿಗೆ ಅಂಕ ಕೊಟ್ಟಹಾಗೆ.

ವೇಗದ ಮೋಹವೂ ಅಷ್ಟೇ. ಒಂದು ವಿಡಿಯೋದಲ್ಲಿ "ಹೈ ವೆಲಾಸಿಟಿ" ಅಂತ ಕುಣಿದದ್ದೇ ಕುಣಿದದ್ದು. ಮ್ಯಾಚ್ ತೋಟಾಗಳು ಬೇಕಂತಲೇ ಶಬ್ದದ ವೇಗಕ್ಕಿಂತ, ಅಂದ್ರೆ ಸೆಕೆಂಡಿಗೆ ಸುಮಾರು 340 ಮೀಟರಿಗಿಂತ, ಸ್ವಲ್ಪ ಕೆಳಗೆ ಹಾರ್ತಾವೆ. ಶಬ್ದವನ್ನ ದಾಟಿ ಹೊರಟ ಗುಂಡು ದಾರಿಯಲ್ಲಿ ನಿಧಾನವಾಗ್ತಾ ಮತ್ತೆ ಆ ಗಡಿ ದಾಟಿ ಇಳಿಯುವಾಗ ಅಲುಗಾಡುತ್ತೆ. ಇನ್ನೊಂದು ವಿಚಿತ್ರ, ಈ ವೇಗಗಳಲ್ಲಿ ಜೋರಾಗಿ ಹೊರಟ .22 ಗುಂಡನ್ನೇ ಅಡ್ಡಗಾಳಿ ಹೆಚ್ಚು ತಳ್ಳುತ್ತೆ. ಗಂಟೆಗೆ 10 ಮೈಲಿಯ ಅಡ್ಡಗಾಳಿ ನಿಧಾನದ ಗುಂಡನ್ನೂ 50 ಗಜಕ್ಕೆ ಸುಮಾರು ಒಂದು ಇಂಚು ಪಕ್ಕಕ್ಕೆ ಒಯ್ಯುತ್ತೆ. ದೂರ ಎರಡು ಪಟ್ಟಾದರೆ ತಪ್ಪು ಹೆಚ್ಚುಕಡಿಮೆ ನಾಲ್ಕು ಪಟ್ಟು. ವಿಡಿಯೋದಲ್ಲಿ ಗಾಳಿಯೇ ಇರಲ್ಲ. ನಮ್ಮ ಕಡೆ ಎರೆಹೊಲಕ್ಕೆ ಆಷಾಢದಲ್ಲಿ ಬಂದು ನಿಂತು ನೋಡಲಿ, ತಲೆ ಮೇಲಿನ ಟೋಪಿ ಯಾವ ಊರಿಗೆ ಹೋಯಿತು ಅಂತ ಕೇಳ್ತೀನಿ.

ಇಲ್ಲಿವರೆಗಿನದು ಇಂಜಿನಿಯರಿನ ತಕರಾರು. ನಿಜವಾದ ತಕರಾರು ಬೇರೆ ಇದೆ. ಅದಕ್ಕೆ ಊರಿಗೆ ಹೋಗಬೇಕು.

ನಮ್ಮೂರು ಹೆಬ್ಬಳ್ಳಿ. ಧಾರವಾಡದಲ್ಲಿ ಹೆಬ್ಬಳ್ಳಿ ಅಗಸಿ ಅಂತ ಇದೆಯಲ್ಲ, ಅದರ ಹೆಸರಿನ ಊರು. ನಾನು ಒಂಬತ್ತನೇ ಇಯತ್ತೆ ಇದ್ದಾಗ ದೊಡ್ಡಪ್ಪನ ಮಗ ಎಲ್ಲಿಂದಲೋ ಒಂದು ಛರ್ರಾ ಬಂದೂಕು ತಂದಿದ್ದ. ಇಡೀ ದಿನ ಅದನ್ನ ಹಿಡಿಯೋಕೆ ಸರದಿ. ಸಂಜೆ ನನ್ನ ಸರದಿ ಬಂದಾಗ ಬೇವಿನ ಗಿಡದ ತುದಿಯಲ್ಲಿ ಒಂದು ಬೆಳವ ಕೂತಿತ್ತು. ಹೊಡೆದೆ. ಬೀಳಲಿಲ್ಲ. ಒಂದು ಕಾಲು ಜೋತಾಡಿಸ್ತಾ, ವಾಲ್ತಾ ವಾಲ್ತಾ ಜೋಳದ ಹೊಲದೊಳಗೆ ಇಳಿಯಿತು. ನಾವು ಸ್ವಲ್ಪ ಹೊತ್ತು ಹುಡುಕಿ, ಕತ್ತಲಾಯಿತು ಅಂತ ಮನೆಗೆ ಬಂದೆವು. ಅಣ್ಣ ಊಟಕ್ಕೆ ಕೂತಾಗ "ಇಂವ ಇವತ್ತ ಬೆಳವ ಹೊಡದಾನ" ಅಂತ ಹೆಮ್ಮೆಯಿಂದ ಹೇಳಿಬಿಟ್ಟ.

ಅಜ್ಜ ತುತ್ತು ನಿಲ್ಲಿಸಿ ಕೇಳಿದ. "ಎಲ್ಲೈತಿ?"

"ಜ್ವಾಳದಾಗ ಬಿತ್ತು. ಸಿಗಲಿಲ್ಲ."

"ಎಷ್ಟು ದೂರ ಇತ್ತಲೇ?"

"ಬಾವಿ ದಂಡಿಯಿಂದ ಗಿಡದ ತುದಿಮಟಾ, ಅಜ್ಜಾ."

"ಅಷ್ಟು ದೂರದಾಗ ಮೊದಲ ಒಂದ್ ಡಬ್ಬಿ ಇಟ್ಟು ಹೊಡದು ನೋಡಿದ್ಯೇನು?"

"ಇಲ್ಲ."

"ಹಂಗಾರ ನೀ ಹೊಡದಿಲ್ಲಪಾ. ಬರೇ ಬಿಟ್ಟೀ." ಅಷ್ಟಂದು ಎದ್ದು ಕೈ ತೊಳಕೊಂಡು ಲಾಟೀನು ತಗೊಂಡ. ನಾನೂ ಹಿಂದೆ ಹೋದೆ. ರಾತ್ರಿ ಸಿಗಲಿಲ್ಲ. ಮರುದಿನ ಮುಂಜಾನೆ ಸಿಕ್ಕಿತು. ಇರುವೆ ಮುತ್ತಿದ್ದವು, ರೆಕ್ಕೆ ಇನ್ನೂ ಅಲುಗ್ತಿತ್ತು. ಮುಂದೆ ಏನು ಮಾಡಬೇಕೋ ಅದನ್ನ ಅಜ್ಜ ಮಾಡಿದ. ನನಗೆ ಬೈಯಲಿಲ್ಲ.

ಅಜ್ಜನಿಗೆ ಬಂದೂಕು ಹೊಸದಲ್ಲ. ಬೆಳೆ ಕಾಯೋದಕ್ಕೆ ಲೈಸೆನ್ಸ್ ಮಾಡಿಸಿದ ಒಂದು ಕೇಪಿನ ಬಂದೂಕು ಆತನ ಹತ್ತಿರ ಇತ್ತು. ಪ್ರತಿ ಇಲೆಕ್ಷನ್ನಿಗೆ ಅದನ್ನ ಠಾಣೆಯಲ್ಲಿ ಒಪ್ಪಿಸಿ ಬರಬೇಕು, ಮುಗಿದ ಮೇಲೆ ಬಿಡಿಸಿಕೊಂಡು ಬರಬೇಕು. ಅದು ಎಷ್ಟು ಆಕ್ಯುರೇಟ್ ಅಂತ ಆತ ಯಾವತ್ತೂ ಹೇಳಿದ್ದಿಲ್ಲ. ಎಷ್ಟು ದೂರಕ್ಕೆ ಅದನ್ನ ನಂಬಬಹುದು ಅನ್ನೋದು ಮಾತ್ರ ಆತನಿಗೆ ಗೊತ್ತಿತ್ತು.

ಈಗ ನನ್ನ ಗೆಳೆಯನ ವಾಕ್ಯ ಮತ್ತೊಮ್ಮೆ ಓದಿ. "ಟಾರ್ಗೆಟ್‌ಗೂ ಆಗ್ಬೇಕು, ಮೊಲಕ್ಕೂ ಆಗ್ಬೇಕು, ಆಕ್ಯುರೇಟ್ ಆಗಿರ್ಬೇಕು." ಈ ಎರಡೂ ಕಡೆ ಆಕ್ಯುರೇಟ್ ಅನ್ನೋ ಶಬ್ದ ಒಂದೇ, ಅರ್ಥ ಒಂದೇ ಅಲ್ಲ.

ಟಾರ್ಗೆಟ್ಟಿನದು ಲೆಕ್ಕದ ವಿಷಯ. 50 ಮೀಟರ್ ರೈಫಲ್ ಸ್ಪರ್ಧೆಯ ಕಾಗದದಲ್ಲಿ ಹತ್ತರ ವೃತ್ತದ ಅಡ್ಡಗಲ 10.4 ಮಿ.ಮೀ. ಗುಂಡಿನ ದಪ್ಪ 5.6 ಮಿ.ಮೀ. ಅಂಚು ತಾಗಿದರೂ ಅಂಕ ಬರೋದರಿಂದ ಗುಂಡಿನ ನಡು ಬಿಂದುವಿನಿಂದ 8 ಮಿ.ಮೀ. ಒಳಗೆ ಬಿದ್ದರೆ ಹತ್ತು. ತಪ್ಪಿದರೆ ಒಂಬತ್ತು. ಒಂಬತ್ತು ಬಂದರೆ ಕಾಗದಕ್ಕೇನೂ ನೋವಿಲ್ಲ. ಶುರುವಿಗೆ ಬೇಕಾದಷ್ಟು ಅಭ್ಯಾಸದ ಗುಂಡು ಹಾರಿಸಿ ನಳಿಗೆ ಹದಕ್ಕೆ ಬಂದಮೇಲೆ ಲೆಕ್ಕದ ಗುಂಡು ಹಾರಿಸಬಹುದು. ಐದು ಕಿಲೋಗೂ ಮಿಕ್ಕಿದ ಭಾರ, ಬೆರಳು ಮುಟ್ಟಿದರೆ ಬಿಡೋ ಟ್ರಿಗರ್, ಕೆನ್ನೆಗೆ, ಭುಜಕ್ಕೆ, ಅಂಗೈಗೆ ಬೇರೆ ಬೇರೆ ತಿರುಪು, ಮೈಗೆ ಬಿಗಿಯಾದ ಕ್ಯಾನ್ವಾಸಿನ ಕೋಟು. ಕಾಡಲ್ಲಿ ಇದನ್ನ ಹೊತ್ತು ತಿರುಗೋನಿಗೆ ಮೊಲ ತಾನೇ ಬಂದು ನೀರು ಕೊಡಬೇಕು.

ಬೇಟೆಗೆ ಅನುಮತಿ ಇರೋ ದೇಶಗಳಲ್ಲಿ ಮೊಲಕ್ಕೆ .22 ಒಯ್ಯೋರ ಲೆಕ್ಕ ಬೇರೆ. ತಲೆಯಲ್ಲಿ ಗುರಿಯಿಡೋ ಜಾಗ ಒಂದು ನಿಂಬೆಹಣ್ಣಿನಷ್ಟು. ಅಲ್ಲಿ ಅಭ್ಯಾಸದ ಗುಂಡು ಅನ್ನೋದಿಲ್ಲ. ತಣ್ಣಗಿನ ನಳಿಗೆಯಿಂದ ಹೊರಡೋ ಮೊದಲ ಗುಂಡೇ ಲೆಕ್ಕದ್ದು. ಎರಡರಿಂದ ಐದನೆಯವು ಒಂದೇ ತೂತಿನಲ್ಲಿ ಹೋಗಿ, ಮೊದಲನೆಯದು ಒಂದು ಇಂಚು ಮೇಲೆ ಬೀಳೋ ರೈಫಲ್ ಕಾಗದಕ್ಕೆ ಅಡ್ಡಿಯಿಲ್ಲ, ಮೊಲಕ್ಕೆ ಬೇಡವೇ ಬೇಡ. ಅದೂ ಅಲ್ಲದೆ 50 ಗಜಕ್ಕೆ ಸರಿಹೊಂದಿಸಿದ .22 ಗುಂಡು 100 ಗಜದಲ್ಲಿ ಆರೇಳು ಇಂಚು ಕೆಳಗಿರುತ್ತೆ. ದೂರವನ್ನ ಅಂದಾಜಿನಲ್ಲಿ ತಪ್ಪಿದರೆ ಯಾವ ರೈಫಲ್ಲೂ ಕೈ ಹಿಡಿಯಲ್ಲ. ಆರು ವಿಡಿಯೋದಲ್ಲಿ ಒಂದರಲ್ಲೂ ಮೊದಲ ಗುಂಡನ್ನ ಬೇರೆಯಾಗಿ ತೋರಿಸಿಲ್ಲ. ಅಜ್ಜ ಕೇಳಿದ ಡಬ್ಬಿಯ ಪ್ರಶ್ನೆಯನ್ನ ಯಾರೂ ಕೇಳಿಲ್ಲ.

ಈ ವಿಷಯದಲ್ಲಿ ಹಳೆಯ ಶಿಕಾರಿ ಪುಸ್ತಕಗಳು ಇವತ್ತಿನ ವಿಡಿಯೋಗಳಿಗಿಂತ ಪ್ರಾಮಾಣಿಕ. ನಮ್ಮಲ್ಲಿ ಹೆಚ್ಚಿನವರು ಕೆನೆತ್ ಆಂಡರ್ಸನ್, ಜಿಮ್ ಕಾರ್ಬೆಟ್ ಇಬ್ಬರನ್ನೂ ಓದಿದ್ದು ತೇಜಸ್ವಿಯವರ ಕನ್ನಡದಲ್ಲಿ. ಹಾಸ್ಟೆಲಿನಲ್ಲಿ ಕಾಡಿನ ಕಥೆಗಳು ಕೈಯಿಂದ ಕೈಗೆ ತಿರುಗಿ ಹಾಳೆ ಉದುರಿದ್ದು ನೆನಪಿದೆ. ಆಂಡರ್ಸನ್ನರ ರೈಫಲ್ .405 ವಿಂಚೆಸ್ಟರ್ ಅನ್ನೋದು ಕಥೆಗಳಲ್ಲಿ ಬಂದುಹೋಗೋ ಒಂದು ಮಾತು. ಪುಟಗಟ್ಟಲೆ ಇರೋದು ಹೆಜ್ಜೆ, ಕಾಯೋದು, ಹೆದರಿಕೆ, ಗಾಯಗೊಂಡ ಪ್ರಾಣಿಯ ಹಿಂದೆ ಹೋಗೋದು. ಕಾರ್ಬೆಟ್ 1907ರಲ್ಲಿ ಕೊಂದ ಚಂಪಾವತದ ಹುಲಿಯ ಲೆಕ್ಕಕ್ಕೆ 436 ಜನರ ಸಾವು ಬರೆದಿದೆ. ಅದರ ಬಾಯಿ ನೋಡಿದಾಗ ಬಲಗಡೆಯ ಮೇಲಿನ, ಕೆಳಗಿನ ಕೋರೆಹಲ್ಲು ಎರಡೂ ಮುರಿದಿದ್ದವು. ಯಾರೋ ಯಾವತ್ತೋ ಹೊಡೆದ ಗುಂಡು. ತನ್ನ ಸಹಜ ಬೇಟೆ ಆಡಲಾರದೆ ಅದು ಮನುಷ್ಯರಿಗೆ ತಿರುಗಿತು ಅನ್ನೋದು ಕಾರ್ಬೆಟ್ಟರ ತೀರ್ಮಾನ. ಆ ಯಾರೋ ಒಬ್ಬ ಅವತ್ತು ಮನೆಗೆ ಹೋಗಿ "ಹುಲಿಗೆ ಹೊಡದೆ" ಅಂತ ಹೇಳಿಕೊಂಡಿರಬೇಕು. ಬರೇ ಬಿಟ್ಟಿದ್ದ.

ಇನ್ನು ನಮ್ಮ ನೆಲದ ಮಾತು. ಈ ವಿಡಿಯೋಗಳು ಮಾಡಿದ್ದು ಬೇರೆ ದೇಶಕ್ಕೆ. ಅಲ್ಲಿ ಅಂಗಡಿಗೆ ಹೋಗಿ ರುಗರ್ 10/22 ನೋಡಿ, ಅದು ಬೇಡ ಸಿಜೆಡ್ ಇರಲಿ ಅಂತ ಆರಿಸಬಹುದು. ರುಗರ್ 1964ರಿಂದ ಬರ್ತಿರೋ ಗಟ್ಟಿ ಸರಕು, ಅದರ ಸಾದಾ ಟ್ರಿಗರ್ ಎಳೆಯೋಕೆ ಮಾತ್ರ ಎರಡೂವರೆ ಕಿಲೋದಷ್ಟು ಬಲ ಬೇಕು. ಸಿಜೆಡ್ ಬೋಲ್ಟ್‌ನದು, ಆ ಬೆಲೆಗೆ ನಿಖರತೆಯಲ್ಲಿ ಒಳ್ಳೇ ಹೆಸರು. ಇಲ್ಲಿ ನಮ್ಮ ಆಯ್ಕೆ ರೈಫಲ್ಲಿನಿಂದ ಶುರುವಾಗಲ್ಲ, ಅರ್ಜಿಯಿಂದ ಶುರುವಾಗುತ್ತೆ. 1959ರ ಕಾಯ್ದೆ, 2016ರ ನಿಯಮ. ಹುಬ್ಬಳ್ಳಿ-ಧಾರವಾಡ ಊರೊಳಗಿದ್ದರೆ ಪೊಲೀಸ್ ಕಮಿಷನರ್, ನಮ್ಮಂಥ ಹಳ್ಳಿಯವರಾದರೆ ಡಿ.ಸಿ. ಕಚೇರಿ. ಸುರಕ್ಷತೆಯ ತರಬೇತಿ ಬೇಕು, ಪೊಲೀಸ್ ವರದಿ ಬೇಕು, ಬೇಕು ಅನ್ನೋದಕ್ಕೆ ಕಾರಣ ಬೇಕು. ಇಷ್ಟಾದಮೇಲೆ ಡೀಲರ್ ಹತ್ತಿರ ಇರೋದು ಈಶಾಪುರದ ಸರ್ಕಾರಿ ಕಾರ್ಖಾನೆಯ .22 ಸ್ಪೋರ್ಟಿಂಗ್ ರೈಫಲ್, ಇಲ್ಲವೇ ಯಾರೋ ಅಜ್ಜನ ಕಾಲದ ಬ್ರನೋ, ಬಿಎಸ್‌ಎ. ಹಳೆಯದು ಅಂತ ಮೂಗು ಮುರೀಬೇಡಿ. ಕಾಲೇಜಿನ ಎನ್‌ಸಿಸಿಯಲ್ಲಿ ಅಂಥದ್ದೇ ಒಂದು ಮುದಿ .22 ಹಿಡಿದು, ಹೊಟ್ಟೆ ಮೇಲೆ ಮಲಗಿ, 25 ಗಜಕ್ಕೆ ಐದು ಗುಂಡು ಹಾರಿಸಿದಾಗ ಪಕ್ಕದವನ ಗುಂಪು ನಾಣ್ಯದಷ್ಟೂ ಇತ್ತು, ನನ್ನದು ಜೋಳದ ರೊಟ್ಟಿಯಷ್ಟೂ ಇತ್ತು. ರೈಫಲ್ ಒಂದೇ.

ಲೈಸೆನ್ಸ್ ಅನ್ನೋದು ನಮ್ಮ ಕಡೆಯವರಿಗೆ ಬರೀ ಕಾಗದವಲ್ಲ. ಅಮೆರಿಕದಲ್ಲಿ ಸ್ಮಿತ್ ಅಂಡ್ ವೆಸನ್ ಮೊದಲ .22 ರಿಮ್‌ಫೈರ್ ತೋಟಾ ಮಾರುಕಟ್ಟೆಗೆ ಬಿಟ್ಟದ್ದು 1857ರಲ್ಲಿ. ಅದೇ ವರ್ಷ ಕಂಪನಿ ಸರ್ಕಾರ ನಿಶ್ಶಸ್ತ್ರೀಕರಣ ಕಾಯ್ದೆ ತಂದಾಗ ಮುಧೋಳದ ಹತ್ತಿರದ ಹಲಗಲಿ ಬೇಡರು ಆಯುಧ ಕೊಡಲ್ಲ ಅಂತ ನಿಂತರು, ಊರು ಸುಟ್ಟುಹೋಯಿತು. ಲಾವಣಿಯಾಗಿ ಅದನ್ನ ಶಾಲೆಯಲ್ಲಿ ಓದಿದ್ದೀವಿ. ಕೊಡಗಿನವರಿಗೆ ಮಾತ್ರ ಬ್ರಿಟಿಷರ ಕಾಲದ ವಿನಾಯಿತಿ ಇವತ್ತಿಗೂ ಉಳಿದಿದೆ, 2019ರಲ್ಲಿ ಕೇಂದ್ರ ಅದನ್ನ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು. ಅಲ್ಲಿ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಕೋವಿಗೆ ಹೂವಿಟ್ಟು ಪೂಜೆ ಮಾಡಿ, ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆ ನಡೆಸ್ತಾರೆ. .22ಕ್ಕೂ ಬೇರೆ ಪಂದ್ಯ ಇರುತ್ತೆ. ನನ್ನ ಪ್ರಕಾರ ಆ ಕಾಯಿ ನಾಣ್ಯಕ್ಕಿಂತ ಒಳ್ಳೇ ವಿಮರ್ಶಕ. ತಾಗಿತು ಇಲ್ಲವೇ ತಾಗಲಿಲ್ಲ, ಊರವರೆಲ್ಲ ನೋಡ್ತಿದ್ದಾರೆ, ಚಂದದ್ದನ್ನ ಆರಿಸಿ ತೋರಿಸೋಕಾಗಲ್ಲ.

ಮೊಲದ ಮಾತಿಗೆ ಬಂದರೆ, ಉತ್ತರ ಚಿಕ್ಕದು. 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಮೊಲಕ್ಕೂ ಇದೆ, ಕೌಜುಗಕ್ಕೂ ಇದೆ. ಬಂದೂಕಿನ ಲೈಸೆನ್ಸ್ ಬೇಟೆಯ ಲೈಸೆನ್ಸ್ ಅಲ್ಲ. "ನಮ್ಮ ಹೊಲ, ನಮ್ಮ ಮೊಲ" ಅನ್ನೋ ಮಾತು ಕೋರ್ಟಿನಲ್ಲಿ ನಡೆಯಲ್ಲ. ಹೊಲಕ್ಕೆ ಹಂದಿ ಬೀಳೋ ಸಂಕಟ ನಿಜ, ನಮ್ಮಪ್ಪನೂ ಅನುಭವಿಸಿದ್ದಾನೆ. ಆದರೆ ಹಂದಿಗೆ .22 ಹೊಡೆಯೋದಂದ್ರೆ ಮೇಲಿನ ಚಂಪಾವತದ ಕಥೆಯನ್ನ ಊರಲ್ಲಿ ಶುರುಮಾಡಿದಹಾಗೆ. ಇನ್ನೊಂದು ಮಾತು. .22 ತೋಟಾದ ಡಬ್ಬಿ ಮೇಲೆಯೇ ಒಂದೂವರೆ ಮೈಲಿವರೆಗೆ ಅಪಾಯ ಅಂತ ಅಚ್ಚಾಗಿರುತ್ತೆ. ನಮ್ಮ ಎರೆಭೂಮಿ ಅಂಗೈಯಂತೆ ಸಪಾಟು. ಗುಡ್ಡವಿಲ್ಲ, ದಿಬ್ಬವಿಲ್ಲ, ತಪ್ಪಿದ ಗುಂಡನ್ನ ತಡೆಯೋಕೆ ಏನೂ ಇಲ್ಲ. ಆ ಒಂದೂವರೆ ಮೈಲಿಯೊಳಗೆ ಯಾರದೋ ಹೊಲದಲ್ಲಿ ಕಳೆ ತೆಗೀತಿರೋ ಹೆಣ್ಣುಮಕ್ಕಳು ಇರ್ತಾರೆ.

ಹಾಗಾದರೆ ಏನು ತಗೋಬೇಕು? ಗೆಳೆಯನಿಗೆ ನಾನು ಬರೆದದ್ದು ಇಷ್ಟು. ಪಟ್ಟಿಯಿಂದ ಮೊಲ ತೆಗೆದುಹಾಕು. ಉಳಿದದ್ದು ಟಾರ್ಗೆಟ್. ಅದಕ್ಕೆ ಮೊದಲು 4.5 ಮಿ.ಮೀ. ಏರ್ ರೈಫಲ್ ಸಾಕು. 20 ಜೂಲ್ ಮೀರದ, .177 ಬೋರಿನದಕ್ಕೆ ಲೈಸೆನ್ಸ್ ಬೇಡ. 10 ಮೀಟರಿನ ಕಾಗದದಲ್ಲಿ ಹತ್ತು ಅಂದ್ರೆ ಅರ್ಧ ಮಿಲಿಮೀಟರಿನ ಚುಕ್ಕೆ, ಸೊಕ್ಕು ಇಳಿಸೋಕೆ ಅಷ್ಟೇ ಸಾಕು. ಅಭಿನವ್ ಬಿಂದ್ರಾ 2008ರ ಚಿನ್ನ, ಗಗನ್ ನಾರಂಗ್ 2012ರ ಕಂಚು ಗೆದ್ದದ್ದು ಅದರಲ್ಲೇ. .22 ಬೇಕೇಬೇಕು ಅನ್ನಿಸಿದರೆ ರೇಂಜಿನದನ್ನೇ ಒಂದು ವರ್ಷ ಹಾರಿಸು. ಬೆಳಗಾವಿ ದಾಟಿದರೆ ಕೊಲ್ಹಾಪುರ. ಆ ಜಿಲ್ಲೆಯ ಕಂಬಳವಾಡಿ ಅನ್ನೋ ಹಳ್ಳಿಯ ಸ್ವಪ್ನಿಲ್ ಕುಸಾಳೆ, ಆಗ ರೈಲ್ವೆಯಲ್ಲಿ ಟಿಕೆಟ್ ನೋಡೋ ಕೆಲಸದಲ್ಲಿದ್ದವ, 2024ರಲ್ಲಿ ಪ್ಯಾರಿಸ್ಸಿನಲ್ಲಿ ಇದೇ .22ರ 50 ಮೀಟರ್ ಮೂರು ಭಂಗಿಯಲ್ಲಿ ಕಂಚು ತಂದ. ಕೊಳ್ಳೋ ದಿನ ಬಂದಾಗ ರೈಫಲ್ಲನ್ನ ಮೈಗೆ ಹೊಂದಿಸಿ ನೋಡು, ಟ್ರಿಗರ್ ನೋಡು, ನಳಿಗೆಯ ಬಾಯಿ ಪೆಟ್ಟಾಗಿಲ್ಲವಾ ನೋಡು, ನಾಲ್ಕೈದು ಬಗೆಯ ತೋಟಾ ಹಾರಿಸಿ ನೋಡು. ಪ್ರತಿಯೊಂದಕ್ಕೂ ಹತ್ತು ಗುಂಡು. ಮೊದಲನೆಯದಕ್ಕೆ ಬೇರೆ ಬಣ್ಣದ ಗುರುತು ಹಾಕು. ಯಾವುದನ್ನೂ ಬಿಸಾಡಬೇಡ.

ಎರಡು ದಿನ ಉತ್ತರ ಬರಲಿಲ್ಲ. ಬೇಜಾರಾಯಿತೇನೋ ಅಂದುಕೊಂಡೆ. ಮುಂದಿನ ಭಾನುವಾರ ರೇಂಜಿಗೆ ಬಂದ. ರೇಂಜಿನ ರೈಫಲ್ ಹಿಡಿದು ಹತ್ತು ಗುಂಡು ಹಾರಿಸಿದ, ಕಾಗದ ತಂದು ನನ್ನ ಮುಂದೆ ಇಟ್ಟ. ಏಳು ತೂತು ಒಂದೆಡೆ ಇದ್ದವು, ಎರಡು ದೂರ, ಒಂದು ಪಕ್ಕದವನ ಕಾಗದದಲ್ಲಿ. ಜೇಬಿಗೆ ಕೈ ಹಾಕಿದ. ನಾಣ್ಯ ತೆಗೀತಾನೆ ಅಂದುಕೊಂಡೆ. ಮಗಳ ಕಂಪಾಸ್ ಡಬ್ಬಿಯಿಂದ ಎತ್ತಿಕೊಂಡು ಬಂದಿದ್ದ ಕೆಂಪು ಸ್ಕೆಚ್ ಪೆನ್ ತೆಗೆದು ಕೇಳಿದ, "ಗುರು, ಮೊದಲನೇದು ಯಾವುದು ಅಂತ ನೋಡ್ಕೊಳ್ಳೋದೇ ಮರೆತೆ. ಇನ್ನೊಂದ್ ಹತ್ತು ಹೊಡೀಲಾ?"